ಎಳ್ಳುಕಾಳಿನಷ್ಟು ಪುಡಿಯ ಹಿಂದಿನ ಕೆಲಸ: ಐಸೊಟೋಪ್ ಲ್ಯಾಬಿಗೆ ಸ್ಯಾಂಪಲ್ ಕಳಿಸೋದು ಹೇಗೆ?

ಜೇನು ಅಸಲಿಯೋ ನಕಲಿಯೋ ಅಂತ ಮನೆಯಲ್ಲೇ ಪರೀಕ್ಷೆ ಮಾಡಿ ನೋಡದವರು ಕಡಿಮೆ. ಒಂದು ಲೋಟ ನೀರಿಗೆ ಹನಿ ಬಿಟ್ಟು ತಳಕ್ಕೆ ಇಳಿಯುತ್ತಾ ಅಂತ ನೋಡುತ್ತೇವೆ. ಬೆಂಕಿಕಡ್ಡಿಯನ್ನು ಅದ್ದಿ ಗೀರುತ್ತೇವೆ. ಇದರಿಂದ ಜೇನು ಎಷ್ಟು ಗಟ್ಟಿಯಾಗಿದೆ ಅನ್ನೋದು ಗೊತ್ತಾಗಬಹುದು, ಅಷ್ಟೇ. ಗಟ್ಟಿ ಸಕ್ಕರೆ ಪಾಕವೂ ಹಾಗೇ ತಳಕ್ಕೆ ಇಳಿಯುತ್ತದೆ.

2020ರ ಡಿಸೆಂಬರಿನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್ಮೆಂಟ್ ಸಂಸ್ಥೆ ಜೇನಿನ ಕಲಬೆರಕೆ ಕುರಿತ ತನಿಖೆಯನ್ನು ಹೊರಗೆ ತಂದಿತು. ಆಗ ‘ಸಿ-4 ಸಕ್ಕರೆ’, ‘ಐಸೊಟೋಪ್ ಪರೀಕ್ಷೆ’, ‘ಎನ್‌ಎಂಆರ್’ ಅನ್ನೋ ಮಾತುಗಳು ಸುದ್ದಿಗೆ ಬಂದವು. ಜೇನು ಸಾಕುವವರಿಗೆ, ಸಾವಯವ ತರಕಾರಿ ಮಾರುವವರಿಗೆ, ಬೋರ್‌ವೆಲ್ ನೀರಿನ ಮೂಲ ತಿಳಿಯಬೇಕೆನ್ನುವವರಿಗೆ ಈಗ ಒಂದೇ ಪ್ರಶ್ನೆ: ಸ್ಯಾಂಪಲ್ ಎಲ್ಲಿಗೆ ಕಳಿಸೋದು?

ನನ್ನ ಮಟ್ಟಿಗೆ ‘ಎಲ್ಲಿಗೆ’ ಅನ್ನೋದಕ್ಕಿಂತ ‘ಹೇಗೆ’ ಅನ್ನೋದು ದೊಡ್ಡ ಪ್ರಶ್ನೆ. ಲ್ಯಾಬಿನ ಯಂತ್ರಕ್ಕೆ ಕೋಟಿಗಟ್ಟಲೆ ಬೆಲೆ ಇರಬಹುದು. ಆದರೆ ಅದು ಅಳೆಯೋದು ನೀವು ಕೊಟ್ಟದ್ದನ್ನು ಮಾತ್ರ. ಎಲೆಯ ಜೊತೆ ರಸ್ತೆಯ ಧೂಳು ಹೋದರೆ ಧೂಳನ್ನೂ ಸೇರಿಸಿ ಅಳೆಯುತ್ತದೆ, ಬಹಳ ನಿಖರವಾಗಿ!

ಐಸೊಟೋಪ್ ಅಂದ್ರೆ ಏನು?

ಶಾಲೆಯಲ್ಲಿ ‘ಸಮಸ್ಥಾನಿ’ ಅಂತ ಓದಿದ್ದು ಇದನ್ನೇ. ಧಾತು ಒಂದೇ, ತೂಕ ಬೇರೆ. ಕಾರ್ಬನ್ ಪರಮಾಣುವಿನ ಒಳಗೆ 6 ಪ್ರೋಟಾನ್ ಇರುತ್ತವೆ. ಜೊತೆಗೆ 6 ನ್ಯೂಟ್ರಾನ್ ಇದ್ದರೆ ಅದು ಕಾರ್ಬನ್-12. ನ್ಯೂಟ್ರಾನ್ 7 ಆದರೆ ಕಾರ್ಬನ್-13. ಒಂದೇ ಅಚ್ಚಿನಲ್ಲಿ ತೆಗೆದ ಎರಡು ಇಟ್ಟಿಗೆಗಳನ್ನು ನೆನಪಿಸಿಕೊಳ್ಳಿ. ಒಂದು ಒಣಗಿದೆ, ಇನ್ನೊಂದು ಸ್ವಲ್ಪ ಒದ್ದೆ. ನೋಡೋಕೆ ಒಂದೇ ಥರ, ಎತ್ತಿದಾಗ ಮಾತ್ರ ಗೊತ್ತಾಗುತ್ತದೆ. ನಮ್ಮ ಸುತ್ತಲಿನ ಕಾರ್ಬನ್‌ನಲ್ಲಿ ನೂರಕ್ಕೆ ಸುಮಾರು 99 ಹಗುರದವು. ಭಾರದ್ದು ಒಂದು.

ಇವೆರಡೂ ‘ಸ್ಥಿರ’ ಐಸೊಟೋಪ್‌ಗಳು. ‘ಸ್ಥಿರ’ ಅಂದರೆ ಅದು ಸಿಡಿಯೋದಿಲ್ಲ, ವಿಕಿರಣ ಬಿಡೋದಿಲ್ಲ. ಐಸೊಟೋಪ್ ಅಂದ ಕೂಡಲೇ ಅಣುಸ್ಥಾವರ ನೆನಪಾಗಿ ಹೆದರುವವರಿದ್ದಾರೆ. ಹೆದರೋದು ಬೇಡ. ಹಳೆಯ ಮೂಳೆಗಳ ವಯಸ್ಸು ಹೇಳುವ ಕಾರ್ಬನ್-14 ಬೇರೆ. ಅದು ನಿಧಾನವಾಗಿ ಕ್ಷಯಿಸುತ್ತದೆ. ಇಲ್ಲಿ ನಾವು ಮಾತಾಡ್ತಿರೋದು ಅನ್ನದಲ್ಲೂ ಉಗುರಲ್ಲೂ ಸದಾ ಇರುವ, ಏನೂ ಮಾಡದ ಪರಮಾಣುಗಳ ಬಗ್ಗೆ.

ರಾಗಿಗೂ ಅಕ್ಕಿಗೂ ಇರುವ ವ್ಯತ್ಯಾಸ

ಗಿಡಗಳು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸಕ್ಕರೆ ಮಾಡುತ್ತವೆ. ಇದರಲ್ಲಿ ದೊಡ್ಡ ಪಂಗಡಗಳು ಎರಡು. ಭತ್ತ, ಗೋಧಿ, ತೊಗರಿ, ಕಡಲೆಕಾಯಿ, ಕಾಫಿ ಮತ್ತು ಹೂಬಿಡುವ ಬಹುತೇಕ ಮರಗಳು ‘ಸಿ-3’ ಪಂಗಡ. ಅವು ಮೊದಲು ತಯಾರಿಸುವ ವಸ್ತುವಿನಲ್ಲಿ 3 ಕಾರ್ಬನ್ ಇರುತ್ತವೆ, ಹೆಸರು ಬಂದಿದ್ದು ಅದರಿಂದಲೇ. ರಾಗಿ, ಜೋಳ, ಮೆಕ್ಕೆಜೋಳ, ನವಣೆ, ಕಬ್ಬು ‘ಸಿ-4’ ಪಂಗಡ.

ಸಿ-3 ಗಿಡಗಳು ಹಗುರದ ಕಾರ್ಬನ್ನನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತವೆ. ಭಾರದ್ದನ್ನು ಆದಷ್ಟು ಹೊರಗೇ ಬಿಡುತ್ತವೆ. ಸಿ-4 ಗಿಡಗಳು ಅನಿಲವನ್ನು ಎಲೆಯ ಒಳಕೋಣೆಗೆ ತಳ್ಳಿ ಬಾಗಿಲು ಹಾಕಿಕೊಂಡ ಹಾಗೆ ಕೆಲಸ ಮಾಡುತ್ತವೆ. ಒಳಗೆ ಬಂದದ್ದು ಹೊರಗೆ ಹೋಗೋದು ಕಷ್ಟ. ಹಾಗಾಗಿ ಅಲ್ಲಿ ಆರಿಸುವ ಅವಕಾಶ ಕಡಿಮೆ, ಭಾರದ ಕಾರ್ಬನ್ ಸ್ವಲ್ಪ ಜಾಸ್ತಿ ಉಳಿಯುತ್ತದೆ.

ಎಷ್ಟು ಜಾಸ್ತಿ? ಅಕ್ಕಿಯ ಹತ್ತು ಲಕ್ಷ ಕಾರ್ಬನ್ ಪರಮಾಣುಗಳನ್ನು ಎಣಿಸಿದರೆ ಭಾರದವು ಸುಮಾರು 10,760 ಸಿಗುತ್ತವೆ. ರಾಗಿಯಲ್ಲಿ ಸುಮಾರು 10,910. ಹತ್ತು ಲಕ್ಷಕ್ಕೆ 150ರ ವ್ಯತ್ಯಾಸ! ಇಷ್ಟೇ ಇಷ್ಟನ್ನು ನಂಬಿಕೊಂಡೇ ಈ ವಿದ್ಯೆಯೆಲ್ಲ ನಡೆಯೋದು. ಬೇರೆಲ್ಲ ಊಟ ಒಂದೇ ಆಗಿದ್ದರೆ, ಮುದ್ದೆ ಉಣ್ಣುವವರ ಕೂದಲು, ಉಗುರುಗಳಲ್ಲಿ ಅನ್ನ ಉಣ್ಣುವವರಿಗಿಂತ ಭಾರದ ಕಾರ್ಬನ್ ಒಂದು ಚೂರು ಹೆಚ್ಚಿರುತ್ತದೆ. ಬೆಂಗಳೂರಿನ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ಇದೇ ಕಾರ್ಬನ್ ಲೆಕ್ಕವನ್ನು ಕಡಿಮೆ ನೀರಿನಲ್ಲಿ ಬೆಳೆಯುವ ತಳಿಗಳನ್ನು ಹುಡುಕಲು ಬಳಸಿದ್ದಾರೆ. ನೀರು ಉಳಿಸಲು ಎಲೆಯ ರಂಧ್ರ ಮುಚ್ಚಿಕೊಳ್ಳುವ ಗಿಡಕ್ಕೂ ಆರಿಸುವ ಅವಕಾಶ ಕಡಿಮೆ ಆಗುತ್ತದೆ, ಅದಕ್ಕೆ.

ಮೈನಸ್ 27 ಅಂದ್ರೆ?

ಲ್ಯಾಬಿನಿಂದ ಬರುವ ಹಾಳೆಯಲ್ಲಿ ‘10,760’ ಅಂತ ಇರೋದಿಲ್ಲ. ‘ಡೆಲ್ಟಾ’ ಅಂತ ಒಂದು ಸಂಖ್ಯೆ ಇರುತ್ತದೆ. ಒಂದು ಅಳತೆಗೋಲಿಗೆ ಹೋಲಿಸಿದರೆ ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಅನ್ನೋದು ಅದರ ಅರ್ಥ. ಅಕ್ಕಿಗೆ ಸುಮಾರು ಮೈನಸ್ 27. ಅಂದರೆ ಭಾರ-ಹಗುರಗಳ ಅನುಪಾತ ಅಳತೆಗೋಲಿಗಿಂತ ಸಾವಿರಕ್ಕೆ 27ರಷ್ಟು ಕಡಿಮೆ. ರಾಗಿ, ಕಬ್ಬುಗಳಿಗೆ ಸುಮಾರು ಮೈನಸ್ 11ರಿಂದ 13. ಮೈನಸ್ ಇದ್ದ ಮಾತ್ರಕ್ಕೆ ಕೆಟ್ಟದ್ದು ಅಂತಲ್ಲ. ಗಿಡಗಳೆಲ್ಲ ಸಾಮಾನ್ಯವಾಗಿ ಮೈನಸ್ಸೇ.

ಕಾರ್ಬನ್ನಿನ ಮೊದಲ ಅಳತೆಗೋಲು ಅಮೆರಿಕದ ಸೌತ್ ಕ್ಯಾರೊಲೈನಾದ ಪೀ ಡೀ ಎಂಬಲ್ಲಿ ಸಿಕ್ಕ ಬೆಲೆಮ್ನೈಟ್ ಅನ್ನೋ ಪ್ರಾಣಿಯ ಪಳೆಯುಳಿಕೆ. ಮಂಗಳೂರಿನ ಕಡೆ ಬೊಂಡಾಸ್ ಅನ್ನುತ್ತಾರಲ್ಲ, ಅದರ ದೂರದ ನೆಂಟ. ಆ ಕಲ್ಲು ಯಾವತ್ತೋ ಖಾಲಿಯಾಗಿದೆ. ಈಗ ಅದರ ಹೆಸರಿನ ಲೆಕ್ಕ ಮಾತ್ರ ಉಳಿದಿದೆ, ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಮಾನಕಗಳ ಮೂಲಕ. ಹೈಡ್ರೋಜನ್, ಆಮ್ಲಜನಕ, ಸಾರಜನಕಗಳಲ್ಲೂ ಹೀಗೇ ಹಗುರದ್ದು, ಭಾರದ್ದು ಇವೆ. ನೀರಿಗೆ ಅಳತೆಗೋಲು ಸಮುದ್ರದ ನೀರು. ಸಾರಜನಕಕ್ಕೆ ನಾವು ಉಸಿರಾಡುವ ಗಾಳಿ.

ಯಂತ್ರದೊಳಗೆ ಏನಾಗುತ್ತದೆ?

ಎಲೆಯ ಪುಡಿ ಒಂದು ಪುಟ್ಟ ತವರದ ಕ್ಯಾಪ್ಸೂಲಿನಲ್ಲಿ ಕುಳಿತು ಸುಮಾರು 1000 ಡಿಗ್ರಿ ಕಾದ ಕೊಳವೆಗೆ ಬೀಳುತ್ತದೆ. ಅದೇ ಹೊತ್ತಿಗೆ ಆಮ್ಲಜನಕ ಬರುತ್ತದೆ. ತವರ ಧಗ್ಗನೆ ಹೊತ್ತಿಕೊಳ್ಳುತ್ತದೆ. ಆ ಕ್ಷಣದ ಶಾಖ 1800 ಡಿಗ್ರಿ ಹತ್ತಿರ ಹೋಗುತ್ತದೆ. ಪುಡಿಯಲ್ಲಿದ್ದ ಕಾರ್ಬನ್ ಅನಿಲವಾಗುತ್ತದೆ, ಸಾರಜನಕವೂ ಅನಿಲವಾಗುತ್ತದೆ. ಆಮೇಲೆ ಆ ಅನಿಲಕ್ಕೆ ವಿದ್ಯುತ್ ಆವೇಶ ಕೊಟ್ಟು ಅಯಸ್ಕಾಂತದ ತಿರುವಿನಲ್ಲಿ ಓಡಿಸುತ್ತಾರೆ. ಘಾಟಿ ತಿರುವಿನಲ್ಲಿ ಖಾಲಿ ಲಾರಿ ಬೇಗ ತಿರುಗುತ್ತದೆ, ಲೋಡು ಲಾರಿ ಅಗಲವಾಗಿ ಹೋಗುತ್ತದೆ ಅಲ್ವಾ? ಹಾಗೇ ಹಗುರದ್ದು ಒಂದು ಡಬ್ಬಿಗೆ, ಭಾರದ್ದು ಪಕ್ಕದ ಡಬ್ಬಿಗೆ ಬೀಳುತ್ತದೆ. ಎರಡನ್ನೂ ಎಣಿಸಿದರೆ ಅನುಪಾತ ಸಿಕ್ಕಿತು.

ಗಮನಿಸಿ, ಸುಟ್ಟ ಮೇಲೆ ಎಲ್ಲವೂ ಒಂದೇ ಅನಿಲ. ಅದು ಎಲೆಯದೋ, ಬೆರಳಿನ ಜಿಡ್ಡಿನದೋ, ಪೇಪರಿನ ಎಳೆಯದೋ ಅಂತ ಯಂತ್ರಕ್ಕೆ ಗೊತ್ತಾಗೋದಿಲ್ಲ. ಮುಂದೆ ಬರುವ ನಿಯಮಗಳೆಲ್ಲ ಹುಟ್ಟಿದ್ದು ಇದರಿಂದ.

ಮೊದಲು ಫೋನು, ಆಮೇಲೆ ಸ್ಯಾಂಪಲ್

ತುಂಬಾ ಜನ ಮಾಡುವ ತಪ್ಪು ಇದು. ಎಲ್ಲ ಸಿದ್ಧಮಾಡಿಕೊಂಡು ಆಮೇಲೆ ಲ್ಯಾಬಿಗೆ ಫೋನ್ ಮಾಡುತ್ತಾರೆ. ಒಂದೊಂದು ಲ್ಯಾಬಿನ ಯಂತ್ರಕ್ಕೆ ಒಂದೊಂದು ಅಳತೆಯ ಕ್ಯಾಪ್ಸೂಲ್ ಬೇಕು, ಒಂದೊಂದು ತೂಕ ಬೇಕು. ಕೆಲವು ಕಡೆ ಪುಡಿ ಕೊಟ್ಟರೆ ಸಾಕು, ತೂಕ ಅವರೇ ಮಾಡುತ್ತಾರೆ. ಕೆಲವು ಕಡೆ ಕ್ಯಾಪ್ಸೂಲಿನಲ್ಲಿ ಮಡಚಿ ಟ್ರೇಯಲ್ಲಿ ಜೋಡಿಸಿಯೇ ಕೊಡಬೇಕು. ಏನು ಅಳೆಯಬೇಕು, ಯಾವ ವಸ್ತು, ಎಷ್ಟು ಸ್ಯಾಂಪಲ್, ಈ ಮೂರನ್ನು ಮೊದಲೇ ಹೇಳಿ ಅವರ ಸೂಚನೆ ತರಿಸಿಕೊಳ್ಳಿ. ಇಲ್ಲಿ ನಾನು ಹೇಳುವ ಅಂಕಿಗಳು ಸಾಮಾನ್ಯವಾಗಿ ಬಳಕೆಯಲ್ಲಿರುವಂಥವು. ಲ್ಯಾಬ್ ಬೇರೆ ಹೇಳಿದರೆ ಅವರ ಮಾತೇ ಸರಿ.

ಒಣಗಿಸೋದು, ಪುಡಿ ಮಾಡೋದು

ಎಲೆಯನ್ನು ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಸಿರಾಡುತ್ತಲೇ ಇರುತ್ತದೆ. ಬೂಷ್ಟು ಬಂದರೆ ಇನ್ನೂ ಕೆಟ್ಟದ್ದು. ಬೂಷ್ಟು ಎಲೆಯನ್ನು ತಿಂದು ಐಸೊಟೋಪ್ ಲೆಕ್ಕವನ್ನೇ ಬದಲಿಸಬಹುದು. ಆದ್ದರಿಂದ ಪ್ಲಾಸ್ಟಿಕ್ ಕವರ್ ಬೇಡ, ಪೇಪರ್ ಕವರ್ ಬಳಸಿ. ನಾನೊಮ್ಮೆ ಮಳೆಗಾಲದಲ್ಲಿ ಎಲೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎರಡು ದಿನ ಬ್ಯಾಗಿನಲ್ಲಿ ಮರೆತಿದ್ದೆ. ತೆಗೆದಾಗ ವಾಸನೆಯೇ ಫಲಿತಾಂಶ ಹೇಳಿತು.

ಧೂಳು ತೊಳೆದು, ನೀರು ಒರೆಸಿ, ಓವನ್ನಿನಲ್ಲಿ 60 ಡಿಗ್ರಿಯಲ್ಲಿ ಸುಮಾರು ಎರಡು ದಿನ ಒಣಗಿಸುತ್ತಾರೆ. ಬೇಗ ಆಗಲಿ ಅಂತ ಶಾಖ ಏರಿಸಬಾರದು. ಸಾರಜನಕದ ಒಂದು ಪಾಲು ಆವಿಯಾಗಿ ಹೋಗಬಹುದು. ಮಾಂಸ, ಮೀನುಗಳಿಗೆ ಹೆಪ್ಪುಗಟ್ಟಿಸಿ ಒಣಗಿಸುವ ಯಂತ್ರ ಸಿಕ್ಕರೆ ಒಳ್ಳೆಯದು. ಫಾರ್ಮಲಿನ್ ಅಥವಾ ಆಲ್ಕೋಹಾಲಿನಲ್ಲಿ ಮುಳುಗಿಸಿಡೋದು ಬೇಡ. ಅವುಗಳಲ್ಲೂ ಕಾರ್ಬನ್ ಇದೆ, ಅದು ಒಳಗೆ ಸೇರುತ್ತದೆ.

ಆಮೇಲೆ ಪುಡಿ. ಇಲ್ಲೊಂದು ಚಿತ್ರಾನ್ನದ ಲೆಕ್ಕ ಇದೆ. ದೊಡ್ಡ ಪಾತ್ರೆಯ ಚಿತ್ರಾನ್ನದಲ್ಲಿ ಕಡಲೆಬೀಜ ಎಷ್ಟಿದೆ ಅಂತ ಒಂದೇ ಚಮಚ ತೆಗೆದು ಹೇಳಬೇಕು ಅಂದುಕೊಳ್ಳಿ. ಬೀಜವೆಲ್ಲ ತಳದಲ್ಲಿದ್ದರೆ ಲೆಕ್ಕ ತಪ್ಪುತ್ತದೆ. ಬೀಜವನ್ನೂ ಅನ್ನವನ್ನೂ ಒಟ್ಟಿಗೆ ಹಿಟ್ಟಾಗುವಂತೆ ಅರೆದಿದ್ದರೆ ಯಾವ ಚಮಚ ತೆಗೆದರೂ ಒಂದೇ. ಎಲೆಯ ನರಕ್ಕೂ ಹಸಿರು ಭಾಗಕ್ಕೂ ಡೆಲ್ಟಾ ಒಂದೇ ಇರೋದಿಲ್ಲ. ಯಂತ್ರಕ್ಕೆ ಹೋಗೋದು ಕೆಲವೇ ಮಿಲಿಗ್ರಾಂ. ಹಾಗಾಗಿ ಪುಡಿ ಕುಂಕುಮದಷ್ಟು ನುಣ್ಣಗಿರಬೇಕು. ಮೊದಲು ಮಿಕ್ಸಿ, ಆಮೇಲೆ ಕುಟ್ಟಾಣಿ ಅಥವಾ ಗುಂಡುಗಳು ಓಡಾಡುವ ಬಾಲ್ ಮಿಲ್. ಒಂದು ಸ್ಯಾಂಪಲ್ ಮುಗಿದ ಮೇಲೆ ಜಾರ್ ಒರೆಸಿ, ಆಲ್ಕೋಹಾಲ್ ಸವರಿ, ಒಣಗಿದ ಮೇಲೇ ಮುಂದಿನದು. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಒಳ್ಳೆಯ ಫಲಿತಾಂಶದ ಅರ್ಧ ಗುಟ್ಟು ಈ ಬೇಜಾರಿನಲ್ಲೇ ಇದೆ.

ಮಣ್ಣಿನ ಸುಣ್ಣ, ಬಂಗುಡೆಯ ಕೊಬ್ಬು

ಕೆಲವು ವಸ್ತುಗಳಲ್ಲಿ ನಮಗೆ ಬೇಕಾದ ಕಾರ್ಬನ್ನಿನ ಜೊತೆ ಬೇಡದ ಕಾರ್ಬನ್ನೂ ಇರುತ್ತದೆ. ವಿಜಯಪುರ, ಧಾರವಾಡ ಕಡೆಯ ಕಪ್ಪು ಮಣ್ಣಿನಲ್ಲಿ ಸುಣ್ಣಕಲ್ಲಿನ ಹರಳುಗಳು ಸಿಗುತ್ತವೆ. ಸುಣ್ಣದ ಕಾರ್ಬನ್ನಿಗೂ ಕೊಳೆತ ಎಲೆಯ ಕಾರ್ಬನ್ನಿಗೂ ಡೆಲ್ಟಾ ಬಹಳ ದೂರ. ಎರಡನ್ನೂ ಸೇರಿಸಿ ಸುಟ್ಟರೆ ಸಿಗುವ ಸಂಖ್ಯೆಗೆ ಅರ್ಥವೇ ಇಲ್ಲ. ಒಂದಿಷ್ಟು ಮಣ್ಣಿಗೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟು ನೋಡುತ್ತಾರೆ. ನೊರೆ ಬಂದರೆ ಸುಣ್ಣ ಇದೆ ಅಂತ ಅರ್ಥ. ಆಗ ಮಣ್ಣನ್ನು ಆಮ್ಲದ ಹಬೆಯಲ್ಲಿ ಇಟ್ಟು ಸುಣ್ಣ ತೆಗೆಯಬೇಕು.

ಇಲ್ಲೆರಡು ಎಚ್ಚರಿಕೆ ಬೇಕು. ಆಮ್ಲ ತವರವನ್ನು ತಿಂದುಬಿಡುತ್ತದೆ, ಅದಕ್ಕೇ ಈ ಕೆಲಸಕ್ಕೆ ಬೆಳ್ಳಿಯ ಕ್ಯಾಪ್ಸೂಲ್ ಬಳಸುತ್ತಾರೆ. ಎರಡನೆಯದಾಗಿ, ಆಮ್ಲ ಸಾರಜನಕದ ಲೆಕ್ಕವನ್ನು ಕೆಡಿಸಬಹುದು. ಹಾಗಾಗಿ ಕಾರ್ಬನ್ನಿಗೆ ಆಮ್ಲ ತೋರಿಸಿದ ಮಣ್ಣು, ಸಾರಜನಕಕ್ಕೆ ತೋರಿಸದ ಮಣ್ಣು ಅಂತ ಎರಡು ಪಾಲು ಮಾಡೋದು ವಾಸಿ.

ಮೀನಿನಲ್ಲಿ ಇದೇ ತೊಂದರೆ ಕೊಬ್ಬಿನದು. ಕೊಬ್ಬಿನಲ್ಲಿ ಭಾರದ ಕಾರ್ಬನ್ ಕಡಿಮೆ. ಬಂಗುಡೆ, ಬೂತಾಯಿಯಂಥ ಎಣ್ಣೆ ಮೀನುಗಳು ಏನು ತಿಂದವು ಅಂತ ತಿಳಿಯಬೇಕಾದರೆ ಬೆನ್ನಿನ ಮಾಂಸ ತೆಗೆದು, ದ್ರಾವಕದಿಂದ ಕೊಬ್ಬು ತೊಳೆದು ಅಳೆಯುತ್ತಾರೆ. ತೊಳೆದಿದ್ದೀರಾ ಇಲ್ಲವಾ ಅನ್ನೋದನ್ನು ಪಟ್ಟಿಯಲ್ಲಿ ಬರೆಯಲೇಬೇಕು.

ತೂಕ ಮತ್ತು ತವರದ ಬೀಡಾ

ಗಿಡದ ಪುಡಿ ಸಾಮಾನ್ಯವಾಗಿ 2–3 ಮಿಲಿಗ್ರಾಂ ಸಾಕು. ಅಂದರೆ ಒಂದು ಎಳ್ಳುಕಾಳಿನ ತೂಕ. ಮಾಂಸ, ಕೂದಲುಗಳಲ್ಲಿ ಸಾರಜನಕ ಜಾಸ್ತಿ ಇರೋದರಿಂದ ಒಂದು ಮಿಲಿಗ್ರಾಂ ಸಾಕಾಗುತ್ತದೆ. ಮಣ್ಣಿನಲ್ಲಿ ಎರಡೂ ಕಡಿಮೆ, ಹತ್ತಾರು ಮಿಲಿಗ್ರಾಂ ಬೇಕು. ಕಮ್ಮಿ ಹಾಕಿದರೆ ಯಂತ್ರಕ್ಕೆ ಸಂಕೇತ ಸರಿಯಾಗಿ ಕೇಳಿಸೋದಿಲ್ಲ. ಜಾಸ್ತಿ ಹಾಕಿದರೆ ಪೂರ್ತಿ ಸುಡೋದಿಲ್ಲ, ಅರೆಬೆಂದದ್ದು ಮುಂದಿನ ಸ್ಯಾಂಪಲ್ಲಿಗೂ ಅಂಟುತ್ತದೆ. ಇರಲಿ ಅಂತ ಇನ್ನೊಂದು ಚೂರು ಹಾಕೋ ನಮ್ಮ ಅಭ್ಯಾಸ ಇಲ್ಲಿ ನಡೆಯೋದಿಲ್ಲ.

ಕ್ಯಾಪ್ಸೂಲನ್ನು ಕೈಯಲ್ಲಿ ಮುಟ್ಟಬಾರದು, ಚಿಮಟದಲ್ಲಿ ಹಿಡಿಯಬೇಕು. ತಕ್ಕಡಿಯಲ್ಲಿ ಖಾಲಿ ಕ್ಯಾಪ್ಸೂಲ್ ಇಟ್ಟು ಸೊನ್ನೆ ಮಾಡಿ. ಹೊರಗೆ ತೆಗೆದು ಪುಡಿ ತುಂಬಿ. ಮತ್ತೆ ತೂಗಿ. ಆಮೇಲೆ ಬಾಯಿ ಮುಚ್ಚಿ ಬೀಡಾ ಕಟ್ಟಿದ ಹಾಗೆ ಮಡಚುತ್ತಾ ಬನ್ನಿ. ಕೊನೆಗೆ ಬಿಗಿಯಾದ ಪುಟ್ಟ ಗುಂಡು ಅಥವಾ ಚೌಕ ಆಗಬೇಕು. ಮೂಲೆಗಳು ಚಾಚಿಕೊಂಡಿದ್ದರೆ ಯಂತ್ರದ ತಿರುಗುವ ತಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕನ್ನಡಿಯ ಮೇಲೆ ಒಂದು ಸಲ ಮೆಲ್ಲಗೆ ಬೀಳಿಸಿ ನೋಡಿ. ಪುಡಿ ಉದುರಿದರೆ ತೂತು ಇದೆ. ಅದನ್ನು ಎಸೆದು ಹೊಸದಾಗಿ ತೂಗಿ.

ಜೇನಿನ ಲೆಕ್ಕ

ಜೇನಿಗೆ ಬರೋಣ. ಜೇನುಹುಳುಗಳು ಮಕರಂದ ತರೋದು ಹೆಚ್ಚಾಗಿ ಸಿ-3 ಗಿಡಗಳಿಂದ. ಕಬ್ಬಿನ ಸಕ್ಕರೆ ಸಿ-4. ಬೆರೆಸಿದರೆ ಡೆಲ್ಟಾ ಮೇಲಕ್ಕೆ ಸರಿಯುತ್ತದೆ. ಆದರೆ ಒಂದೊಂದು ಊರಿನ ಜೇನಿನ ಸಹಜ ಡೆಲ್ಟಾ ಬೇರೆ ಬೇರೆ. ಹಾಗಾದರೆ ಯಾವುದಕ್ಕೆ ಹೋಲಿಸೋದು? ಇಲ್ಲಿ ಒಂದು ಜಾಣ ಉಪಾಯ ಇದೆ. ಜೇನಿನೊಳಗೆ ಅತಿ ಕಡಿಮೆ ಪ್ರೋಟೀನ್ ಇರುತ್ತದೆ. ಅದು ಬರೋದು ಪರಾಗದಿಂದ ಮತ್ತು ಹುಳುವಿನಿಂದ. ಸಕ್ಕರೆ ಬೆರೆಸಿದರೂ ಅದರ ಡೆಲ್ಟಾ ಬದಲಾಗೋದಿಲ್ಲ. ಅದನ್ನು ಬೇರೆ ಮಾಡಿ ಅಳೆದರೆ ಅದೇ ಜೇನಿನ ಅಸಲಿ ಗುರುತು ಸಿಕ್ಕಿತು.

ಒಂದು ಉದಾಹರಣೆ ನೋಡಿ. ಪ್ರೋಟೀನ್ ಮೈನಸ್ 25, ಇಡೀ ಜೇನು ಮೈನಸ್ 23 ಅಂತ ಬಂತು ಅಂದುಕೊಳ್ಳಿ. ವ್ಯತ್ಯಾಸ 2. ಸಿ-4 ಸಕ್ಕರೆಗೆ ಲೆಕ್ಕದಲ್ಲಿ ಹಿಡಿಯುವ ಮೌಲ್ಯ ಮೈನಸ್ 9.7. ಪ್ರೋಟೀನಿನಿಂದ ಅದಕ್ಕೆ ಇರುವ ದೂರ 15.3. 2ನ್ನು 15.3ರಿಂದ ಭಾಗಿಸಿದರೆ ನೂರಕ್ಕೆ 13ರಷ್ಟು ಸಿ-4 ಸಕ್ಕರೆ ಅಂತಾಯಿತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಲ್ಲಿ ಮಿತಿ ನೂರಕ್ಕೆ 7.

ಅಕ್ಕಿಯಿಂದ ಮಾಡಿದ ಪಾಕ ಬೆರೆಸಿದರೆ ಈ ಪರೀಕ್ಷೆಗೆ ಗೊತ್ತೇ ಆಗೋದಿಲ್ಲ. ಅಕ್ಕಿಯೂ ಹೂವಿನ ಹಾಗೆ ಸಿ-3 ತಾನೇ. ಎನ್‌ಎಂಆರ್, ಅಂದರೆ ಬಲವಾದ ಅಯಸ್ಕಾಂತದ ನೆರವಿನಿಂದ ಜೇನಿನೊಳಗಿನ ಅಣುಗಳನ್ನು ಗುರುತಿಸುವ ಪರೀಕ್ಷೆ, ಚರ್ಚೆಗೆ ಬಂದಿದ್ದು ಈ ಕಾರಣಕ್ಕೆ. ಇನ್ನೊಂದು ಮಾತು: ಮಳೆಗಾಲದಲ್ಲಿ ಹೂವಿಲ್ಲದಾಗ ಮಲೆನಾಡಿನಲ್ಲಿ ಪೆಟ್ಟಿಗೆಯ ಹುಳುಗಳಿಗೆ ಸಕ್ಕರೆ ಪಾಕ ಕೊಡುವುದುಂಟು. ಅದು ಎರಿಯಲ್ಲಿ ಉಳಿದಿದ್ದರೆ ಯಾರೂ ಕಲಬೆರಕೆ ಮಾಡದಿದ್ದರೂ ಸಂಖ್ಯೆ ಏರಬಹುದು. ಯಾವಾಗ ಪಾಕ ಕೊಟ್ಟಿರಿ, ಯಾವಾಗ ಜೇನು ತೆಗೆದಿರಿ ಅನ್ನೋದನ್ನು ಬರೆದು ಕಳಿಸಿ.

ಜೇನಿನ ಸ್ಯಾಂಪಲ್ ತೆಗೆಯೋದು ಸುಲಭ. ಹರಳುಗಟ್ಟಿದ್ದರೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಮೆಲ್ಲಗೆ ಕರಗಿಸಿ, ಚೆನ್ನಾಗಿ ಕಲಸಿ, ಮೇಣ ಸೋಸಿ. ಜಾಮಿನ ಹಳೇ ಬಾಟಲಿ ಬೇಡ, ಹೊಸ ಗಾಜಿನ ಬಾಟಲಿ ತನ್ನಿ. ಪ್ರೋಟೀನ್ ಬೇರೆ ಮಾಡಬೇಕಾದ್ದರಿಂದ ಒಂದು ಚಮಚ ಸಾಲದು.

ನೀರಾದರೆ ಬಾಟಲಿ ತುಂಬಿ ತುಳುಕಲಿ

ನೀರಿನಲ್ಲಿ ಅಳೆಯೋದು ಹೈಡ್ರೋಜನ್ ಮತ್ತು ಆಮ್ಲಜನಕ. ಆವಿಯಾಗುವಾಗ ಹಗುರದ ನೀರು ಮೊದಲು ಹಾರುತ್ತದೆ. ಉಳಿದದ್ದು ಭಾರವಾಗುತ್ತದೆ. ಬಾಟಲಿಯಲ್ಲಿ ಜಾಗ ಬಿಟ್ಟರೆ, ಮುಚ್ಚಳ ಸಡಿಲ ಇದ್ದರೆ ಕೆರೆಯಲ್ಲಿ ಆಗುವುದೇ ಬಾಟಲಿಯಲ್ಲೂ ಆಗುತ್ತದೆ. ಬಾವಿ ನೀರು ಲ್ಯಾಬಿನಲ್ಲಿ ಕೆರೆ ನೀರಾಗಿ ಕಾಣಬಹುದು. ಆದ್ದರಿಂದ ಕಂಠಪೂರ್ತಿ ತುಂಬಿ, ಬಿಗಿಯಾಗಿ ಮುಚ್ಚಿ, ತಲೆಕೆಳಗು ಮಾಡಿ ನೋಡಿ. ಗುಳ್ಳೆ ಕಾಣಬಾರದು.

ತಿಂಗಳಿಡೀ ಮಳೆನೀರು ಹಿಡಿಯುವವರು ಹಿಂದಿನಿಂದಲೂ ಡಬ್ಬಿಯೊಳಗೆ ಪ್ಯಾರಾಫಿನ್ ಎಣ್ಣೆ ಹಾಕುತ್ತಿದ್ದರು. ಉಪ್ಪಿನಕಾಯಿ ಮೇಲೆ ಎಣ್ಣೆ ನಿಂತ ಹಾಗೆ ಅದು ನೀರಿನ ಮೇಲೆ ನಿಂತು ಆವಿ ತಡೆಯುತ್ತದೆ. ಈಗ ಅನೇಕ ಲ್ಯಾಬುಗಳಲ್ಲಿ ಲೇಸರ್ ಯಂತ್ರಗಳಿವೆ. ಎಣ್ಣೆಯ ಹನಿ ಒಳಗೆ ಹೋದರೆ ಅವಕ್ಕೆ ಕಷ್ಟ. ಎಣ್ಣೆ ಬಳಸಿದ್ದರೆ ಮುಚ್ಚಿಡಬೇಡಿ, ಹೇಳಿ.

ನೈಟ್ರೇಟ್ ಎಲ್ಲಿಂದ ಬಂತು ಅಂತ ಹುಡುಕುವವರಿಗೆ ಬೇರೆ ಕ್ರಮ. ಯೂರಿಯಾದ ಸಾರಜನಕ ಗಾಳಿಯಿಂದ ಬಂದದ್ದು, ಡೆಲ್ಟಾ ಸೊನ್ನೆಯ ಹತ್ತಿರ. ಗೊಬ್ಬರದ ಗುಂಡಿಯಿಂದ ಮೂಗಿಗೆ ಬಡಿಯುವ ಘಾಟು ಇದೆಯಲ್ಲ, ಅದು ಹಗುರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುವ ವಾಸನೆ. ಅದಕ್ಕೇ ಸಗಣಿ, ಚರಂಡಿಗಳಿಂದ ಬಂದ ನೈಟ್ರೇಟಿನ ಡೆಲ್ಟಾ ಮೇಲಿರುತ್ತದೆ. ಈ ನೀರನ್ನು ಸೋಸಿ ಫ್ರೀಜರಿನಲ್ಲಿ ಇಡಬೇಕು. ಇಲ್ಲದಿದ್ದರೆ ಸೂಕ್ಷ್ಮಜೀವಿಗಳು ದಾರಿಯಲ್ಲೇ ನೈಟ್ರೇಟ್ ತಿಂದು ಮುಗಿಸುತ್ತವೆ. ಫ್ರೀಜರಿಗೆ ಹಾಕುವ ಬಾಟಲಿಯನ್ನು ಮಾತ್ರ ಕಂಠಪೂರ್ತಿ ತುಂಬಬೇಡಿ, ಹೆಪ್ಪುಗಟ್ಟಿದಾಗ ಒಡೆಯುತ್ತದೆ.

ಮೆಣಸಿನಕಾಯಿ ರುಬ್ಬಿದ ಜಾರ್

ಹೊಲದಲ್ಲಿ ಹಾಕಿದ ಗೊಬ್ಬರ ಗಿಡಕ್ಕೆ ಎಷ್ಟು ಸೇರಿತು ಅಂತ ತಿಳಿಯಲು ಭಾರದ ಸಾರಜನಕವನ್ನು ಬೇಕಂತಲೇ ತುಂಬಿಸಿದ ಯೂರಿಯಾ ಬಳಸುತ್ತಾರೆ. ಅಂಥ ಗಿಡದ ಪುಡಿ ಮೆಣಸಿನಕಾಯಿ ಇದ್ದ ಹಾಗೆ. ಖಾರ ರುಬ್ಬಿದ ಜಾರಿನಲ್ಲಿ ಬಾದಾಮಿ ಹಾಲು ಮಾಡಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಈ ಸ್ಯಾಂಪಲ್ಲುಗಳಿಗೆ ಬೇರೆ ಚಿಮಟ, ಬೇರೆ ಕುಟ್ಟಾಣಿ, ಬೇರೆ ಟ್ರೇ. ಸಾಧ್ಯವಾದರೆ ಬೇರೆ ಕೋಣೆಯೇ ಒಳ್ಳೆಯದು. ಲ್ಯಾಬಿಗೆ ದಪ್ಪಕ್ಷರದಲ್ಲಿ ಬರೆದು ತಿಳಿಸಬೇಕು. ತಿಳಿಸದೆ ಕಳಿಸಿದರೆ ನಿಮ್ಮದು ಮಾತ್ರ ಅಲ್ಲ, ನಿಮ್ಮ ಹಿಂದೆ ಸಾಲಿನಲ್ಲಿರುವ ಅಪರಿಚಿತರ ಸ್ಯಾಂಪಲ್ಲೂ ಕೆಡುತ್ತದೆ.

ಟ್ರೇ, ಪಟ್ಟಿ, ಪಾರ್ಸೆಲ್

ಕ್ಯಾಪ್ಸೂಲುಗಳನ್ನು 96 ಗುಳಿಗಳ ಟ್ರೇಯಲ್ಲಿ ಜೋಡಿಸುತ್ತಾರೆ. ಎಂಟು ಸಾಲು, ಸಾಲಿಗೆ ಹನ್ನೆರಡು. ಪ್ರತಿ ಗುಳಿಗೂ ಸಿನಿಮಾ ಸೀಟಿನ ಹಾಗೆ ಎ-1, ಎ-2 ಅಂತ ಹೆಸರು. ಪಟ್ಟಿಯಲ್ಲಿ ಗುಳಿಯ ಹೆಸರು, ಸ್ಯಾಂಪಲ್ಲಿನ ಹೆಸರು, ತೂಕ, ವಸ್ತು ಇರಬೇಕು. ಹೆಸರು ಚಿಕ್ಕದಿರಲಿ. ಹತ್ತಕ್ಕೆ ಒಂದರಂತೆ ಅದೇ ಪುಡಿಯನ್ನು ಎರಡನೇ ಸಲ ತೂಗಿ ಇಡಿ. ಒಂದೆರಡು ಖಾಲಿ ಕ್ಯಾಪ್ಸೂಲನ್ನೂ ಮಡಚಿ ಇಡಿ. ಅವುಗಳಿಂದಲೇ ನಿಮ್ಮ ಕೈ ಎಷ್ಟು ಸ್ವಚ್ಛ ಅನ್ನೋದು ಗೊತ್ತಾಗುತ್ತದೆ.

ಮುಚ್ಚಳ ಮತ್ತು ಟ್ರೇ ನಡುವೆ ಸಂದು ಉಳಿದರೆ ಕೊರಿಯರ್ ಗಾಡಿಯ ಕುಲುಕಾಟಕ್ಕೆ ಕ್ಯಾಪ್ಸೂಲುಗಳು ಪಕ್ಕದ ಗುಳಿಗೆ ಹಾರುತ್ತವೆ. ಯಾವುದು ಯಾವುದೆಂದು ಆಮೇಲೆ ಬ್ರಹ್ಮನಿಗೂ ಗೊತ್ತಾಗೋದಿಲ್ಲ. ಗುಳಿಗಳ ಬಾಯಿಗೆ ಒತ್ತಿ ಕೂರುವಂತೆ ಒಂದು ರಟ್ಟಿನ ಹಾಳೆ ಇಟ್ಟು ಸುತ್ತಲೂ ಟೇಪ್ ಸುತ್ತಿ. ತೇವ ಹೀರುವ ಸಿಲಿಕಾ ಪೊಟ್ಟಣ ಜೊತೆಗಿರಲಿ.

ಹೊರದೇಶದ ಲ್ಯಾಬಿಗೆ ಕಳಿಸುವುದಾದರೆ ಕಾಗದಪತ್ರ ಬೇಕು. ಇಲ್ಲಿನ ಗಿಡ, ಪ್ರಾಣಿಗಳ ಭಾಗ ಹೊರಗೆ ಹೋಗುವಾಗ 2002ರ ಜೀವವೈವಿಧ್ಯ ಕಾಯ್ದೆ ಅಡ್ಡ ಬರುತ್ತದೆ. ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ನೋಡಿಕೊಂಡೇ ಮುಂದುವರಿಯಿರಿ. ಮಣ್ಣಿಗೆ ಆ ದೇಶದ ಕ್ವಾರಂಟೈನ್ ಅನುಮತಿಯೂ ಬೇಕಾಗುತ್ತದೆ.

ಫಲಿತಾಂಶ ಬಂದಾಗ ಮೊದಲು ಏನು ನೋಡಬೇಕು?

ನಿಮ್ಮ ಸಂಖ್ಯೆಗಳನ್ನಲ್ಲ. ಲ್ಯಾಬ್ ನಿಮ್ಮ ಸ್ಯಾಂಪಲ್ಲುಗಳ ನಡುವೆ ತನ್ನದೇ ಮಾನಕಗಳನ್ನು ಓಡಿಸಿರುತ್ತದೆ. ಅವುಗಳ ನಿಜವಾದ ಡೆಲ್ಟಾ ಅವರಿಗೆ ಮೊದಲೇ ಗೊತ್ತು. ಆ ಸಾಲುಗಳು ಸರಿ ಬಂದಿವೆಯಾ ನೋಡಿ. ಕಾರ್ಬನ್ನಿಗೆ ಸಾಮಾನ್ಯವಾಗಿ 0.2ರ ಒಳಗೆ ಏರುಪೇರು ಇರುತ್ತದೆ. ಆಮೇಲೆ ನೀವು ಎರಡು ಸಲ ತೂಗಿದ ಜೋಡಿಗಳನ್ನು ನೋಡಿ. ಮಾನಕ ಸರಿಯಿದ್ದು ಜೋಡಿಗಳ ನಡುವೆ ಮಾತ್ರ 1ರಷ್ಟು ಅಂತರ ಬಂದಿದ್ದರೆ ತಪ್ಪು ಯಂತ್ರದ್ದಲ್ಲ. ಪುಡಿ ಸರಿಯಾಗಿ ನುಣ್ಣಗಾಗಿಲ್ಲ.

ಆಗ ಬೇಕಾಗೋದು ಉಳಿದ ಪುಡಿಯ ಡಬ್ಬಿ. ಅದನ್ನು ಒಣ ಜಾಗದಲ್ಲಿ ಇಟ್ಟಿದ್ದರೆ ಮತ್ತೆ ಅರೆದು, ಮತ್ತೆ ತೂಗಿ ಕಳಿಸಬಹುದು. ಡಬ್ಬಿಯ ಮೇಲೆ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದು, ಅದೇ ಹೆಸರಿನ ಚೀಟಿಯನ್ನು ಒಂದು ಪುಟ್ಟ ಕವರಿನಲ್ಲಿ ಹಾಕಿ ಡಬ್ಬಿಗೆ ಕಟ್ಟಿಡಿ. ಮಾರ್ಕರ್ ಪೆನ್ನಿನ ಬರಹ ಆಲ್ಕೋಹಾಲ್ ತಾಗಿದರೆ ಅಳಿಸಿಹೋಗುತ್ತದೆ.